ಹಳೆಯ ರ್ಯಾಮ್ ಜೊತೆ ಹೊಸದು ಹೊಂದೀತೆ?

ಪ್ರಾಜೆಕ್ಟ್ ವರದಿ ಒಪ್ಪಿಸಲು ಇನ್ನು ಹದಿನೈದೇ ದಿನ. ಮನೆಯ ಕಂಪ್ಯೂಟರ್ ಮಾತ್ರ ಒಂದು ಕಡತ ತೆರೆದಿದ್ದಾಗ ಇನ್ನೊಂದನ್ನು ತೆರೆಯಲು ಏದುಸಿರು ಬಿಡುತ್ತದೆ. '4 ಜಿಬಿ ಸಾಲದು ಅಪ್ಪಾ, ಇನ್ನೊಂದು 8 ಜಿಬಿ ರ್ಯಾಮ್ ಹಾಕಿಸೋಣ' ಎನ್ನುತ್ತಾಳೆ ಮಗಳು. ಅಪ್ಪನಿಗೆ ಖರ್ಚಿನ ಚಿಂತೆ. 2025ರ ಕೊನೆಯ ತಿಂಗಳುಗಳಲ್ಲಿ ರ್ಯಾಮ್ ಬೆಲೆ ಎಲ್ಲೆಡೆ ಏರಿದ ಮೇಲಂತೂ ಹಳೆಯದನ್ನು ತೆಗೆದಿಡಲು ಯಾರಿಗೂ ಮನಸ್ಸು ಬಾರದು. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ವಿಚಾರಿಸಿದರೆ 'ಎರಡೂ ಹಾಕಿ ಸಾರ್, ನಡೆಯುತ್ತೆ' ಎಂಬ ಉತ್ತರ ಸಿಗುವುದು ಸಾಮಾನ್ಯ. ನಡೆಯುತ್ತದೆಯೆ? ಬಹುಪಾಲು ನಡೆಯುತ್ತದೆ. ತೊಡಕಿರುವುದು ಆ 'ಬಹುಪಾಲು' ಎಂಬ ಮಾತಿನಲ್ಲೇ.

ಬೇರೆ ಬೇರೆ ತಲೆಮಾರಿನ ರ್ಯಾಮ್ ಪಟ್ಟಿಗಳು ಮಾತ್ರ ಎಂದೂ ಕೂಡವು. ಡಿಡಿಆರ್3 ಪಟ್ಟಿಗೆ 240 ಪಿನ್ನುಗಳು. ಡಿಡಿಆರ್4 ಮತ್ತು ಡಿಡಿಆರ್5ಕ್ಕೆ 288. ಪಿನ್ನುಗಳ ಸಂಖ್ಯೆ ಒಂದೇ ಎಂದು ಕೊನೆಯ ಎರಡನ್ನು ಒಂದೇ ಎಂದುಕೊಳ್ಳುವಂತಿಲ್ಲ. ಅವುಗಳ ನಡುವಿನ ಕಚ್ಚು ಬೇರೆ ಬೇರೆ ಜಾಗದಲ್ಲಿದೆ. ಪಟ್ಟಿ ಕೂರದಿದ್ದರೆ ಒತ್ತಿ ತುರುಕಬಾರದು. ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಅಗ್ಗವಾಗಿ ಸಿಗುವ ಸರ್ವರ್ ರ್ಯಾಮ್ ಬಗ್ಗೆಯೂ ಎಚ್ಚರ ಬೇಕು. ಅದರಲ್ಲಿ 'ರಿಜಿಸ್ಟರ್ಡ್' ಎಂಬ ಬಗೆ ಮನೆಯ ಸಾಮಾನ್ಯ ಕಂಪ್ಯೂಟರುಗಳಲ್ಲಿ ಕೆಲಸ ಮಾಡದು.

ಇನ್ನು ವೇಗ. ಪ್ರತಿ ಪಟ್ಟಿಯ ಮೇಲೂ ಒಂದು ಪುಟ್ಟ ಚಿಪ್ ಇದ್ದು, ಪಟ್ಟಿಯ ಗಾತ್ರ, ವೇಗಗಳ ವಿವರ ಅದರಲ್ಲಿ ದಾಖಲಾಗಿರುತ್ತದೆ. ಕಂಪ್ಯೂಟರ್ ಚಾಲೂ ಆಗುವಾಗ ಆ ಜಾತಕವನ್ನು ಓದಿ ಎಲ್ಲರಿಗೂ ಹೊಂದುವ ವೇಗವನ್ನು ಆರಿಸಿಕೊಳ್ಳುತ್ತದೆ. ಹಳೆಯದು 2400, ಹೊಸದು 3200 ಇದ್ದರೆ ಎರಡೂ 2400ರಲ್ಲೇ ಓಡುತ್ತವೆ. ವೇಗಕ್ಕಾಗಿ ಹೆಚ್ಚು ಕೊಟ್ಟ ಹಣ ಅಷ್ಟರಮಟ್ಟಿಗೆ ದಂಡ.

ಗಾತ್ರ ಬೇರೆಯಾದರೆ ಅಷ್ಟು ನಷ್ಟವಿಲ್ಲ. 1990ರ ದಶಕದ ಪೆಂಟಿಯಂ ಕಂಪ್ಯೂಟರುಗಳಲ್ಲಿ 72 ಪಿನ್ನಿನ ಪಟ್ಟಿಗಳನ್ನು ಜೋಡಿಯಾಗಿಯೇ ಹಾಕಬೇಕಿತ್ತು. ಈಗ ಆ ಕಟ್ಟುಪಾಡಿಲ್ಲ. ಆದರೂ ಜೋಡಿ ಇದ್ದರೆ ಕೆಲಸ ಚುರುಕು. 4 ಮತ್ತು 8 ಜಿಬಿ ಸೇರಿಸಿದಾಗ ಅನೇಕ ಬೋರ್ಡುಗಳು ಎರಡರಿಂದಲೂ 4 ಜಿಬಿ ತೆಗೆದುಕೊಂಡು ಜೋಡಿ ಮಾಡಿಕೊಳ್ಳುತ್ತವೆ, ಉಳಿದ 4 ಜಿಬಿ ಒಂಟಿಯಾಗಿ ದುಡಿಯುತ್ತದೆ. ಮೆಮೊರಿಯೇ ಸಾಲದೆ ಒದ್ದಾಡುತ್ತಿದ್ದ ಯಂತ್ರಕ್ಕೆ ಇದೇ ದೊಡ್ಡ ಉಪಕಾರ.

ಕಂಪ್ಯೂಟರ್ ಚಾಲೂ ಆಗಿ ಪರದೆಯ ಮೇಲೆ 12 ಜಿಬಿ ಕಂಡೊಡನೆ ಮನೆಮಂದಿ ನಿಶ್ಚಿಂತರಾಗುತ್ತಾರೆ. ನಿಜವಾಗಿ ಹೆದರಬೇಕಾದದ್ದು ಇಲ್ಲಿಯೇ. ಒಂದೊಂದಾಗಿ ಸರಿಯಿರುವ ಎರಡು ಪಟ್ಟಿಗಳು ಕೂಡಿದಾಗ ತಪ್ಪಬಹುದು. ಮನೆಯ ಕಂಪ್ಯೂಟರಿನ ಸಾಮಾನ್ಯ ರ್ಯಾಮ್ ತನ್ನ ತಪ್ಪನ್ನು ತಾನೇ ಹಿಡಿದು ತಿಳಿಸುವುದಿಲ್ಲ. ಎಲ್ಲೋ ಒಂದು ಬಿಟ್ ಅದಲುಬದಲಾಗುತ್ತದೆ, ಅದೇ ರೂಪದಲ್ಲಿ ಕಡತ ಡಿಸ್ಕಿಗೆ ಸೇರುತ್ತದೆ. ವಾರ ಕಳೆದ ಮೇಲೆ ಜಿಪ್ ಕಡತ ಬಿಚ್ಚಿಕೊಳ್ಳದು, ವರದಿ ತೆರೆಯದು, ನಡುನಡುವೆ ನೀಲಿ ಪರದೆ ಬರುತ್ತದೆ. ದೂರು ವೈರಸ್ಸಿನ ಮೇಲೆ ಬೀಳುತ್ತದೆ. ವಿಂಡೋಸನ್ನು ಹೊಸದಾಗಿ ಹಾಕಿಸಿಕೊಂಡರೂ ಕಾಟ ತಪ್ಪದು.

ಇದಕ್ಕೆ ಪರೀಕ್ಷೆಯುಂಟು. ಮೆಮ್‌ಟೆಸ್ಟ್86 ಎಂಬ ತಂತ್ರಾಂಶದ ಉಚಿತ ಆವೃತ್ತಿಯನ್ನು ಪೆನ್ ಡ್ರೈವಿಗೆ ಹಾಕಿ, ಕಂಪ್ಯೂಟರನ್ನು ಅದರಿಂದಲೇ ಚಾಲೂ ಮಾಡಿ ರಾತ್ರಿಯಿಡೀ ಓಡಲು ಬಿಡಬೇಕು. ಒಂದೇ ಒಂದು ದೋಷ ಕಂಡರೂ ಆ ಜೋಡಿಯನ್ನು ನಂಬುವಂತಿಲ್ಲ. ಆಗ ಒಂದೊಂದನ್ನೇ ಹಾಕಿ ಪರೀಕ್ಷಿಸಬೇಕು. ಎರಡೂ ಬೇರೆಬೇರೆಯಾಗಿ ಪಾಸಾದರೆ ದೋಷ ಜೋಡಿಯದು. ಬಯೋಸಿನಲ್ಲಿ ವೇಗವನ್ನು ಒಂದು ಮೆಟ್ಟಿಲು ಇಳಿಸಿದರೆ ಕೆಲವೊಮ್ಮೆ ಸರಿಹೋಗುತ್ತದೆ. ಹೋಗದಿದ್ದರೆ ಅಂಗಡಿಗೆ ಹಿಂದಿರುಗಿಸುವುದೇ ದಾರಿ. ಆದ್ದರಿಂದ 'ಹೊಂದದಿದ್ದರೆ ವಾರದೊಳಗೆ ಬದಲಿಸಿಕೊಡುತ್ತೇವೆ' ಎಂಬ ಮಾತನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳುವುದು ಲೇಸು. ಬಾಯಿಮಾತು ವಾರದ ನಂತರ ಯಾರಿಗೂ ನೆನಪಿರದು!

ಕೊಳ್ಳುವ ಮೊದಲು ವಿಂಡೋಸಿನ ಟಾಸ್ಕ್ ಮ್ಯಾನೇಜರಿನಲ್ಲಿ ಮೆಮೊರಿ ವಿಭಾಗ ತೆರೆದರೆ ಈಗಿರುವ ವೇಗವೂ ಖಾಲಿ ಸ್ಲಾಟುಗಳ ಲೆಕ್ಕವೂ ಸಿಗುತ್ತದೆ. ಪವರ್ ತೆಗೆದು, ಹಳೆಯ ಪಟ್ಟಿಯ ಲೇಬಲ್ಲಿನ ಫೋಟೊ ಹಿಡಿದು ಅಂಗಡಿಗೆ ಒಯ್ದರೆ ಇನ್ನೂ ಒಳ್ಳೆಯದು. ಅದೇ ಕಂಪನಿಯ ಅದೇ ನಮೂನೆ ಸಿಕ್ಕರೆ ಹೊಂದುವ ಸಂಭವ ಹೆಚ್ಚು, ಖಾತರಿಯಲ್ಲ. ಒಂದೇ ಹೆಸರಿನ ಪಟ್ಟಿಗಳಲ್ಲೂ ಒಳಗಿನ ಚಿಪ್ಪುಗಳು ಬದಲಾಗುವುದುಂಟು. ಪರೀಕ್ಷೆ ಮುಗಿಯುವ ತನಕ ಮಗಳ ಪ್ರಾಜೆಕ್ಟ್ ವರದಿಯ ಒಂದು ಪ್ರತಿ ಬೇರೊಂದು ಪೆನ್ ಡ್ರೈವಿನಲ್ಲಿ ಇರಲಿ, ಅದೂ ಕಂಪ್ಯೂಟರಿನ ಮುಚ್ಚಳ ತೆರೆಯುವುದಕ್ಕೆ ಮೊದಲೇ.