ನಿವೃತ್ತರ ಮನೆಯ ಆರೋಗ್ಯ ರಕ್ಷೆ: ಕಾಯಿಲೆ ಬರುವ ಮುನ್ನ ಮಾಡಬೇಕಾದ ಆಯ್ಕೆ

ನಿವೃತ್ತಿಯ ಬೀಳ್ಕೊಡುಗೆ ಸಮಾರಂಭಗಳಲ್ಲಿ ಭಾಗವಹಿಸುವುದು ಈಚಿನ ವರ್ಷಗಳಲ್ಲಿ ನನಗೊಂದು ಅಭ್ಯಾಸವೇ ಆಗಿಹೋಗಿದೆ. ಹಾಸನವಿರಲಿ, ಹೊಳೆನರಸೀಪುರವಿರಲಿ, ಅರಕಲಗೂಡು, ಚನ್ನರಾಯಪಟ್ಟಣಗಳಿರಲಿ, ಕಾರ್ಯಕ್ರಮದ ಕ್ರಮ ಒಂದೇ: ಪ್ರಾರ್ಥನೆ, ಗಂಧದ ಹಾರ, ಮೈಸೂರು ಪೇಟ, ಶಾಲು, ಫಲತಾಂಬೂಲ, ಅನಂತರ ಊಟ. ಪಂಕ್ತಿಯಲ್ಲಿ ಕುಳಿತ ಬಂಧುಗಳು ಕೇಳುವ ಪ್ರಶ್ನೆಗಳೂ ಒಂದೇ. ಗ್ರಾಚ್ಯುಟಿ ಎಷ್ಟು ಬಂತು, ಮಗಳ ಮದುವೆ ಯಾವಾಗ, ಮನೆಯ ಮೇಲೆ ಇನ್ನೊಂದು ಅಂತಸ್ತು ಎತ್ತುವಿರಾ ಎಂದು. ನಾಳೆ ಈ ದಂಪತಿಗಳಲ್ಲೊಬ್ಬರು ಆಸ್ಪತ್ರೆಯಲ್ಲಿ ಮಲಗಿದರೆ ಬಿಲ್ಲು ಕಟ್ಟುವವರಾರು ಎಂಬ ಪ್ರಶ್ನೆಯನ್ನು ಅಲ್ಲಿ ಯಾರೂ ಎತ್ತುವುದಿಲ್ಲ. ಶುಭಕಾರ್ಯದಲ್ಲಿ ಅಶುಭದ ಮಾತೇಕೆ ಎಂಬ ಸಂಕೋಚವಿರಬಹುದು. ಆ ಸಂಕೋಚದ ಬೆಲೆಯನ್ನು ಕಣ್ಣಾರೆ ಕಂಡ ಮೇಲೆ ಈ ಲೇಖನವನ್ನು ಬರೆಯಬೇಕೆನಿಸಿತು.

ಹೊಳೆನರಸೀಪುರದ ನನ್ನ ಹಳೆಯ ಮಿತ್ರರೊಬ್ಬರು ಪ್ರೌಢಶಾಲೆಯ ಅಧ್ಯಾಪಕರಾಗಿ ನಿವೃತ್ತರಾದವರು. ವಯಸ್ಸು 68. ಅವರ ಧರ್ಮಪತ್ನಿಗೆ 64. ಹನ್ನೆರಡು ವರ್ಷಗಳಿಂದ ಸಕ್ಕರೆ ಕಾಯಿಲೆ. ಮಗ ಬೆಂಗಳೂರಿನ ಕಂಪನಿಯೊಂದರಲ್ಲಿ ಉದ್ಯೋಗಿ. ಆ ಕಂಪನಿಯ ಗುಂಪು ವಿಮೆಯಲ್ಲಿ ತಂದೆತಾಯಿಗಳ ಹೆಸರೂ ಸೇರಿತ್ತು. ನಾನು ಈ ವಿಷಯ ತೆಗೆದಾಗಲೆಲ್ಲ, "ಮಗನ ಕಂಪನಿಯದು ಇದೆಯಲ್ಲ ಮೇಷ್ಟ್ರೇ, ನಮಗೇನು ಯೋಚನೆ?" ಎಂದು ಮಾತು ಮುಗಿಸುತ್ತಿದ್ದರು. ಕಳೆದ ವರ್ಷ ಮಗ ಕೆಲಸ ಬದಲಿಸಿದ. ಹೊಸ ಕಂಪನಿಯಲ್ಲಿ ಹೆಂಡತಿ ಮಕ್ಕಳಿಗೆ ಮಾತ್ರ ವಿಮೆ. ಇದನ್ನು ತಂದೆಗೆ ತಿಳಿಸಬೇಕೆಂದು ಮಗನಿಗೆ ತೋಚಲಿಲ್ಲ. ಕೇಳಬೇಕೆಂದು ತಂದೆಗೂ ತೋಚಲಿಲ್ಲ. ಎರಡನೆಯ ತಿಂಗಳಲ್ಲಿ ಆ ತಾಯಿಗೆ ಎದೆನೋವು ಬಂದು ಮೈಸೂರಿನ ಆಸ್ಪತ್ರೆಯೊಂದಕ್ಕೆ ಕರೆದೊಯ್ದು, ಕೌಂಟರಿನಲ್ಲಿ ಹಳೆಯ ಕಾರ್ಡನ್ನು ನೀಡಿದಾಗಲೇ ಅದು ಸತ್ತ ಕಾರ್ಡೆಂದು ಗೊತ್ತಾದದ್ದು. ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಅಳವಡಿಸಿದರು, ಜೀವ ಉಳಿಯಿತು. ಮಗಳ ಮದುವೆಗೆಂದು ಇಟ್ಟಿದ್ದ ಠೇವಣಿ ಕರಗಿತು, ಎರಡು ಜೊತೆ ಬಳೆ ಬ್ಯಾಂಕಿನಲ್ಲಿ ಅಡವಾಯಿತು.

ಇದರಲ್ಲಿ ಯಾರೂ ಮೋಸ ಮಾಡಿದವರಿಲ್ಲ. ನೌಕರ ಹೊರಟ ದಿನ ಗುಂಪು ವಿಮೆ ಅವನ ಮಟ್ಟಿಗೆ ಮುಗಿಯುತ್ತದೆ. ಆದರೆ ಕೆಲಸ ಬಿಡುವ ಸಮಯದಲ್ಲಿ ಅದೇ ವಿಮಾ ಸಂಸ್ಥೆಯ ವೈಯಕ್ತಿಕ ಪಾಲಿಸಿಗೆ ತಂದೆತಾಯಿಗಳನ್ನು ವರ್ಗಾಯಿಸುವಂತೆ ಅರ್ಜಿ ಹಾಕಲು ನಿಯಮಗಳಲ್ಲಿ ಅವಕಾಶವಿದೆ. ಸಂಸ್ಥೆ ಒಪ್ಪಿದರೆ ಗುಂಪಿನಲ್ಲಿದ್ದ ವರ್ಷಗಳು ಕಾಯುವ ಅವಧಿಯ ಲೆಕ್ಕಕ್ಕೆ ಬರುತ್ತವೆ. ಇದು ಬಹಳ ಮನೆಗಳಲ್ಲಿ ತಿಳಿದಿಲ್ಲ. ಬೆಂಗಳೂರಿನಲ್ಲಿ ದುಡಿಯುವ ಮಕ್ಕಳುಳ್ಳ ಪ್ರತಿ ಮನೆಯವರೂ ಮುಂದಿನ ಹಬ್ಬಕ್ಕೆ ಮಗ ಬಂದಾಗ, 'ನಮ್ಮ ಹೆಸರು ಈ ವರ್ಷವೂ ಇದೆಯೇನಪ್ಪ?' ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಇನ್ನು ಸರ್ಕಾರದ ಕಡೆಯಿಂದ ನಮಗಿರುವುದೇನೆಂದು ನೋಡೋಣ. 2018ರಲ್ಲಿ ಆರಂಭವಾದ ಆರೋಗ್ಯ ಕರ್ನಾಟಕ ಯೋಜನೆ ಅದೇ ವರ್ಷ ಕೇಂದ್ರದ ಆಯುಷ್ಮಾನ್ ಭಾರತದೊಡನೆ ಕೂಡಿಕೊಂಡಿತು. ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಅದನ್ನು ನಡೆಸುತ್ತಿದೆ. ಬಿಪಿಎಲ್ ಪಡಿತರ ಚೀಟಿಯುಳ್ಳ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆ ಉಚಿತ. ಪಿಂಚಣಿದಾರರ ಮನೆಗಳು ಬಹುಮಟ್ಟಿಗೆ ಎಪಿಎಲ್ ವರ್ಗದವು. ಆ ವರ್ಗಕ್ಕೆ ದೊರೆಯುವುದು ಯೋಜನೆಯ ದರದ ಶೇಕಡಾ 30 ಮಾತ್ರ. ವರ್ಷಕ್ಕೆ ಕುಟುಂಬವೊಂದಕ್ಕೆ ಒಂದೂವರೆ ಲಕ್ಷ ಅದರ ಮೇಲ್ಮಿತಿ. ಒಂದು ಲಕ್ಷದ ಚಿಕಿತ್ಸೆಗೆ ಮೂವತ್ತು ಸಾವಿರ ಸರ್ಕಾರದ್ದು, ಎಪ್ಪತ್ತು ಸಾವಿರ ನಮ್ಮದು. 'ಆಯುಷ್ಮಾನ್ ಕಾರ್ಡ್ ಇದೆ' ಎಂದು ನಿಶ್ಚಿಂತರಾಗಿರುವ ನಿವೃತ್ತರು ಈ ಲೆಕ್ಕವನ್ನೊಮ್ಮೆ ಹಾಕಿ ನೋಡಬೇಕು. ಇನ್ನೊಂದು ಮಾತು: ತುರ್ತು ಸಂದರ್ಭಗಳನ್ನು ಬಿಟ್ಟರೆ ಖಾಸಗಿ ಆಸ್ಪತ್ರೆಗೆ ಹೋಗಲು ಮೊದಲು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ನಮ್ಮ ಜಿಲ್ಲೆಯವರಿಗೆ ಅದರರ್ಥ, ತಾಲ್ಲೂಕು ಆಸ್ಪತ್ರೆಯನ್ನೋ ಹಾಸನದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಗೆ ಸೇರಿದ ಶ್ರೀ ಚಾಮರಾಜೇಂದ್ರ ಆಸ್ಪತ್ರೆಯನ್ನೋ ಮೊದಲು ಕಾಣಬೇಕೆಂದು. ಅಲ್ಲಿಯೇ ಆಗುವ ಚಿಕಿತ್ಸೆಗೆ ಮೈಸೂರಿಗೆ ಬರೆದುಕೊಡಿರೆಂದು ಹಠ ಹಿಡಿಯುವವರನ್ನು ಕಂಡಿದ್ದೇನೆ, ಅದು ಸಲ್ಲದು.

ಹಳ್ಳಿಗಳಲ್ಲಿ ನೆಲೆಸಿ ಸಾಗುವಳಿ ಮಾಡಿಕೊಂಡಿರುವ ಹಿರಿಯರಿಗೆ ಯಶಸ್ವಿನಿ ನೆನಪಿರಲೇಬೇಕು. 2003ರಲ್ಲಿ ಸಹಕಾರ ಸಂಘಗಳ ಸದಸ್ಯರು ತಿಂಗಳಿಗೆ 5 ರೂಪಾಯಿ ಕೊಟ್ಟು ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುವ ಆ ಯೋಜನೆ ಆರಂಭವಾದಾಗ ಚನ್ನರಾಯಪಟ್ಟಣದ ತೆಂಗಿನ ತೋಟದವರೂ ಅರಕಲಗೂಡಿನ ಹೊಗೆಸೊಪ್ಪು, ಆಲೂಗಡ್ಡೆ ಬೆಳೆಯುವವರೂ ಮೊದಲ ಬಾರಿಗೆ ದೊಡ್ಡಾಸ್ಪತ್ರೆಯ ಮೆಟ್ಟಿಲನ್ನು ಸಾಲವಿಲ್ಲದೆ ಹತ್ತಿದರು. 2018ರಲ್ಲಿ ನಿಂತುಹೋದ ಯೋಜನೆ 2022ರ ಕೊನೆಯಲ್ಲಿ ನೋಂದಣಿಯೊಡನೆ ಮರಳಿ ಬಂತು. ಆಗ ಗ್ರಾಮೀಣ ಸಂಘಗಳ ಸದಸ್ಯರಿಗೆ ನಾಲ್ವರ ಕುಟುಂಬಕ್ಕೆ ವರ್ಷಕ್ಕೆ 500, ನಗರದ ಸಂಘಗಳವರಿಗೆ 1,000 ರೂಪಾಯಿ ವಂತಿಗೆ ಗೊತ್ತುಮಾಡಿದರು. ಚಿಕಿತ್ಸೆಯ ಮಿತಿ 5 ಲಕ್ಷ. ಸರ್ಕಾರಿ ನೌಕರರಿರುವ ಮನೆಗಳಿಗೆ ನಿರ್ಬಂಧಗಳುಂಟು. ಮುಖ್ಯವಾದದ್ದು, ನೋಂದಣಿ ವರ್ಷದ ನಿಗದಿತ ತಿಂಗಳುಗಳಲ್ಲಿ ಮಾತ್ರ ನಡೆಯುತ್ತದೆ. ಸೊಸೈಟಿಯ ಕಾರ್ಯದರ್ಶಿ ಮನೆಗೆ ಬಂದು ಹೇಳುವರೆಂದು ಕಾಯಬಾರದು. ಡೈರಿಗೆ ಹಾಲು ಹಾಕುವಾಗ, ಗೊಬ್ಬರ ತರುವಾಗ ನಾವೇ ಕೇಳಬೇಕು.

ಎಪ್ಪತ್ತು ತುಂಬಿದವರ ವಿಷಯ ಬೇರೆ. 2024ರ ಅಕ್ಟೋಬರ್ 29ರಂದು ಕೇಂದ್ರ ಸರ್ಕಾರ 70 ವರ್ಷ ಮೇಲ್ಪಟ್ಟ ಎಲ್ಲರಿಗೂ, ಆದಾಯವನ್ನು ನೋಡದೆ, ವರ್ಷಕ್ಕೆ 5 ಲಕ್ಷದ ಆಯುಷ್ಮಾನ್ ರಕ್ಷೆಯನ್ನು ಆರಂಭಿಸಿತು. ಖಾಸಗಿ ವಿಮೆ ಇದ್ದವರೂ ಇದನ್ನು ಪಡೆಯಬಹುದು. ಕೇಂದ್ರ ಸರ್ಕಾರದ ಸಿಜಿಎಚ್‌ಎಸ್, ನಿವೃತ್ತ ಸೈನಿಕರ ಇಸಿಎಚ್‌ಎಸ್ ಯೋಜನೆಗಳಲ್ಲಿರುವವರು ಎರಡರಲ್ಲೊಂದನ್ನು ಆರಿಸಬೇಕು. ಆದರೆ ವೆಚ್ಚದ ಪಾಲಿನ ಬಗ್ಗೆ ಕರ್ನಾಟಕ ಸರ್ಕಾರ ಆಕ್ಷೇಪವೆತ್ತಿದ್ದನ್ನು ಪತ್ರಿಕೆಗಳಲ್ಲಿ ಓದಿದವರಿಗೆ ಗೊತ್ತಿರಬಹುದು. ಆದಕಾರಣ ಮೊಬೈಲಿನಲ್ಲಿ ಕಾರ್ಡು ಬಂದಿತೆಂದು ಹಿಗ್ಗದೆ, ತಾವು ಹೋಗಬಯಸುವ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕಂಡು, 'ಈ ಕಾರ್ಡನ್ನು ಇಲ್ಲಿ ಒಪ್ಪುತ್ತೀರಾ?' ಎಂದು ಆರೋಗ್ಯವಾಗಿರುವಾಗಲೇ ಕೇಳಿ ಬರುವುದು ಮೇಲು.

ಹಕ್ಕಿದ್ದೂ ಕೇಳದೆ ಬಿಟ್ಟವರೂ ನಮ್ಮಲ್ಲಿ ಹಲವರಿದ್ದಾರೆ. ಕಾರ್ಖಾನೆಗಳಲ್ಲಿ ಇಎಸ್‌ಐ ವ್ಯಾಪ್ತಿಯಲ್ಲಿ ಕನಿಷ್ಠ ಐದು ವರ್ಷ ದುಡಿದು ವಯೋನಿವೃತ್ತಿ ಹೊಂದಿದವರು ವರ್ಷಕ್ಕೆ ಕೇವಲ 120 ರೂಪಾಯಿ ಕಟ್ಟಿ ತಮಗೂ ಬಾಳಸಂಗಾತಿಗೂ ವೈದ್ಯಕೀಯ ಸೌಲಭ್ಯವನ್ನು ಮುಂದುವರಿಸಿಕೊಳ್ಳಬಹುದು. ಈ ಮಾತು ಹೇಳಿದಾಗ ಹಾಸನದ ಒಬ್ಬರು ಹಿರಿಯರು ನನ್ನನ್ನು ನಂಬಲೇ ಇಲ್ಲ. ಕೇಂದ್ರ ಸರ್ಕಾರದ ಪಿಂಚಣಿದಾರರು ಹತ್ತು ವರ್ಷಗಳ ವಂತಿಗೆಯನ್ನು ಒಟ್ಟಿಗೆ ಕಟ್ಟಿದರೆ ಸಿಜಿಎಚ್‌ಎಸ್ ಕಾರ್ಡು ಜೀವನಪರ್ಯಂತ ನಡೆಯುತ್ತದೆ.

ಈ ಯಾವ ಸೌಲಭ್ಯವೂ ಸಾಕಾಗದ ನಡುವಣ ವರ್ಗದವರಿಗೆ ಉಳಿಯುವುದು ಹಣ ಕೊಟ್ಟು ಕೊಳ್ಳುವ ಆರೋಗ್ಯ ವಿಮೆ. 65 ದಾಟಿದವರಿಗೆ ಹೊಸ ಪಾಲಿಸಿ ಇಲ್ಲವೆನ್ನುವ ಕಾಲ ಹೋಯಿತು. ವಿಮಾ ನಿಯಂತ್ರಣ ಪ್ರಾಧಿಕಾರ 2024ರಲ್ಲಿ ಆ ವಯೋಮಿತಿಯನ್ನು ತೆಗೆದುಹಾಕಿತು. ಮೊದಲೇ ಇದ್ದ ಕಾಯಿಲೆಗಳಿಗೆ ಕಾಯಬೇಕಾದ ಅವಧಿ ಮೂರು ವರ್ಷಕ್ಕೆ ಇಳಿಯಿತು. 2025ರ ಜನವರಿಯಿಂದ ಹಿರಿಯರ ಕಂತನ್ನು ಪ್ರಾಧಿಕಾರದೊಡನೆ ಸಮಾಲೋಚಿಸದೆ ವರ್ಷಕ್ಕೆ ಶೇಕಡಾ 10ಕ್ಕಿಂತ ಹೆಚ್ಚು ಏರಿಸುವಂತಿಲ್ಲ. ಅದೇ ವರ್ಷ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿದ್ದ ಶೇಕಡಾ 18ರ ಜಿಎಸ್‌ಟಿಯೂ ಹೋಯಿತು. ಇಷ್ಟಾದರೂ ಅರವತ್ತರ ಮೇಲೆ ಕಂತು ಭಾರವೇ.

ಮಠದಲ್ಲಿದ್ದು ಗ್ರಂಥಗಳನ್ನೋದಿದ ನನಗೆ ವಿಮಾ ಪತ್ರವೆಂದರೆ ಟೀಕೆ ಟಿಪ್ಪಣಿ ಸಹಿತವಾದ ಶಾಸ್ತ್ರಗ್ರಂಥದಂತೆ ಕಾಣುತ್ತದೆ. ಮೂಲದಲ್ಲಿ ಉದಾರವಾಗಿ ಕೊಟ್ಟದ್ದನ್ನು ಟಿಪ್ಪಣಿಯಲ್ಲಿ ಹಿಂದಕ್ಕೆ ತೆಗೆದುಕೊಂಡಿರುತ್ತಾರೆ! ಮುಖಪುಟದಲ್ಲಿ 5 ಲಕ್ಷವೆಂದಿರುತ್ತದೆ. ಒಳಗೆ ಕೊಠಡಿಯ ಬಾಡಿಗೆ ದಿನಕ್ಕೆ 3,000 ಎಂದಿದ್ದು, ನಾವು 6,000ದ ಕೊಠಡಿ ಹಿಡಿದರೆ, ಹೆಚ್ಚಿನ ಬಾಡಿಗೆಯಷ್ಟೇ ಅಲ್ಲ, ವೈದ್ಯರ ಶುಲ್ಕ ಶಸ್ತ್ರಚಿಕಿತ್ಸೆಯ ಶುಲ್ಕಗಳಲ್ಲಿಯೂ ಅರ್ಧ ಕಡಿತವಾಗಬಹುದು. ಒಂದು ಲಕ್ಷದ ಶುಲ್ಕಕ್ಕೆ ಐವತ್ತು ಸಾವಿರ ನಮ್ಮ ಕೈಯಿಂದ ಹೋಗುತ್ತದೆ. ಪ್ರತಿ ಬಿಲ್ಲಿನಲ್ಲಿಯೂ ಶೇಕಡಾ 20 ನೀವೇ ಕೊಡಬೇಕೆಂಬ ಷರತ್ತು ಹಿರಿಯರ ಪಾಲಿಸಿಗಳಲ್ಲಿ ಸಾಮಾನ್ಯ. ಕಣ್ಣಿನ ಪೊರೆಗೆ ಪ್ರತ್ಯೇಕ ಮಿತಿಯೂ ಇರುತ್ತದೆ. ಪಾಲಿಸಿ ಕೈಸೇರಿದ ಮೂವತ್ತು ದಿನಗಳೊಳಗೆ ಒಪ್ಪಿಗೆಯಾಗದಿದ್ದರೆ ಹಿಂದಿರುಗಿಸಬಹುದು. ಆ ಮೂವತ್ತು ದಿನಗಳು ಓದುವುದಕ್ಕಾಗಿಯೇ ಇವೆ.

ಎಲ್ಲಕ್ಕಿಂತ ಮಿಗಿಲಾದದ್ದು ಅರ್ಜಿಯಲ್ಲಿ ಬರೆಯುವ ನಿಜ. "ಶುಗರ್ ಇದೆ ಅಂತ ಬರೆದರೆ ಕಂತು ಜಾಸ್ತಿಯಾಗುತ್ತೆ, ಸುಮ್ಮನೆ ಇಲ್ಲ ಅಂತ ಹಾಕೋಣ ಯಜಮಾನ್ರೇ" ಎಂದು ನನ್ನೆದುರಿಗೇ ಒಬ್ಬ ಏಜೆಂಟರು ಹೇಳಿದ್ದುಂಟು. ಅರ್ಜಿಯ ಕೆಳಗೆ ಸಹಿ ನಮ್ಮದಿರುತ್ತದೆ, ಅವರದಲ್ಲ. ಆಸ್ಪತ್ರೆಗೆ ಸೇರಿದಾಗ ವೈದ್ಯರು ಮೊದಲು ಕೇಳುವುದೇ 'ಎಷ್ಟು ವರ್ಷದಿಂದ ಶುಗರ್?' ಎಂದು. ನಾವು ಹೇಳುವ ಉತ್ತರ ಅಲ್ಲಿಯೇ ಕಡತಕ್ಕಿಳಿಯುತ್ತದೆ. ಕ್ಲೇಮು ಅಲ್ಲಿಯೇ ಮುರಿಯುತ್ತದೆ. ನಿಜ ಬರೆದು ಐದು ವರ್ಷ ಬಿಡದೆ ಕಂತು ಕಟ್ಟಿದವರ ಕ್ಲೇಮನ್ನು, ವಂಚನೆ ಸಿದ್ಧವಾದ ಹೊರತು, ಕಾಯಿಲೆ ಮುಚ್ಚಿಟ್ಟಿದ್ದರೆಂಬ ಕಾರಣ ಹೇಳಿ ತಿರಸ್ಕರಿಸುವಂತಿಲ್ಲ. ಅನ್ಯಾಯವಾದರೆ ಮೊದಲು ಸಂಸ್ಥೆಗೆ ಬರೆದು, ಮೂವತ್ತು ದಿನಗಳಲ್ಲಿ ಸಮಾಧಾನ ದೊರೆಯದಿದ್ದರೆ ಬೆಂಗಳೂರಿನಲ್ಲಿರುವ ವಿಮಾ ಓಂಬುಡ್ಸ್‌ಮನ್ನರಿಗೆ ದೂರು ಕೊಡಬಹುದು. ಶುಲ್ಕವೂ ಬೇಡ, ವಕೀಲರೂ ಬೇಡ.

ಪಾಲಿಸಿಯನ್ನು ಆರಿಸುವಾಗ ಊರಿನ ನಕ್ಷೆಯನ್ನೂ ಮುಂದಿಟ್ಟುಕೊಳ್ಳಬೇಕು. ಕಷ್ಟ ಬಂದಾಗ ಹೊಳೆನರಸೀಪುರ, ಅರಕಲಗೂಡಿನವರು ಹಾಸನಕ್ಕೆ, ಅಲ್ಲಿಂದ ಮುಂದೆ ಮೈಸೂರಿಗೆ ಮುಖ ಮಾಡುತ್ತಾರೆ. ಚನ್ನರಾಯಪಟ್ಟಣದವರಿಗೆ ಹೆದ್ದಾರಿಯ ದಾರಿಯಲ್ಲಿ ಬೆಳ್ಳೂರು ಕ್ರಾಸಿನ ಬಿ.ಜಿ. ನಗರದ ಆಸ್ಪತ್ರೆ, ಅದಾದ ಮೇಲೆ ಬೆಂಗಳೂರು. ದೇಶದಲ್ಲಿ ಹತ್ತು ಸಾವಿರ ಆಸ್ಪತ್ರೆಗಳಿವೆಯೆಂಬ ಪ್ರಚಾರದಿಂದ ನಮಗಾಗುವುದೇನು? ಒಂದೂವರೆ ಗಂಟೆಯೊಳಗೆ ತಲುಪಬಲ್ಲ ಎರಡು ಆಸ್ಪತ್ರೆಗಳು ಕ್ಯಾಶ್‌ಲೆಸ್ ಪಟ್ಟಿಯಲ್ಲಿ ಇವೆಯೇ ಎಂಬುದೇ ಪ್ರಶ್ನೆ.

2025ರ ಮೇ, ಜೂನ್ ತಿಂಗಳುಗಳನ್ನು ನಮ್ಮ ಜಿಲ್ಲೆಯವರು ಮರೆಯಲಾರರು. ಹೃದಯಾಘಾತದ ಸಾವುಗಳು ಒಂದರ ಮೇಲೊಂದು ವರದಿಯಾದವು. ಅವರಲ್ಲಿ ಹರೆಯದವರೂ ಇದ್ದರು. ಜನ ಬೆದರಿ ಬೆಳಗಿನ ಜಾವವೇ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಸಾಲುಗಟ್ಟಿದರು. ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದ ಸಮಿತಿ ಪರಿಶೀಲಿಸಿ, ಸಾವಿನ ಪ್ರಮಾಣದಲ್ಲಿ ಅಸಹಜ ಏರಿಕೆಯಿಲ್ಲವೆಂದು ವರದಿ ನೀಡಿತು. ಆ ವಾರಗಳಲ್ಲಿ ವಿಮೆಯ ಬಗ್ಗೆ ನನ್ನನ್ನು ಕೇಳಿದವರು ಬಹುಮಂದಿ. ಭಯ ಆರಿದ ಮೇಲೆ ಅರ್ಜಿ ತುಂಬಿದವರು ಬೆರಳೆಣಿಕೆಯಷ್ಟು. ಎದೆನೋವು ಬಂದವರಿಗೆ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ 2024ರಿಂದ ಆಯ್ದ ಸರ್ಕಾರಿ ಆಸ್ಪತ್ರೆಗಳಲ್ಲಿದೆ. ಅದಕ್ಕೆ ಯಾವ ಪಾಲಿಸಿಯೂ ಬೇಕಿಲ್ಲ, ಬೇಗ ತಲುಪಬೇಕಷ್ಟೆ.

ಮಕ್ಕಳು ಅಮೆರಿಕದಲ್ಲಿರುವ ಮನೆಗಳವರು, ಅಲ್ಲಿಗೆ ಹೋದರೆ ಮೆಡಿಕೇರ್ ಇದೆಯಲ್ಲ ಎನ್ನುವುದುಂಟು. 1965ರಲ್ಲಿ ಶಾಸನವಾದ ಆ ಯೋಜನೆ ಅಲ್ಲಿ ದುಡಿದು 65 ತುಂಬಿದವರಿಗೆ. ಮಗನನ್ನು ನೋಡಲು ವೀಸಾದ ಮೇಲೆ ಹೋದ ತಂದೆತಾಯಿಗಳಿಗೆ ಅದು ದೊರೆಯದು. ಗ್ರೀನ್ ಕಾರ್ಡ್ ಪಡೆದು ಐದು ವರ್ಷ ನೆಲೆಸಿದವರಾದರೆ ಹಣ ಕೊಟ್ಟು ಸೇರಬಹುದು. ಬಾಣಂತನಕ್ಕೆ ಹೊರಡುವ ತಾಯಂದಿರಿಗೆ ಇಲ್ಲಿಂದಲೇ ಪ್ರವಾಸ ವಿಮೆ ಮಾಡಿಸಿ ಕಳುಹಿಸಬೇಕು.

ಇನ್ನು ನನ್ನ ಮಿತ್ರರ ವಿಷಯ. ಆಸ್ಪತ್ರೆಯಿಂದ ಬಂದ ಮೂರನೆಯ ತಿಂಗಳು ಕಾಗದಗಳ ಚೀಲ ಹಿಡಿದು ಹಾಸನದ ನಮ್ಮ ಮನೆಗೆ ದಂಪತಿಗಳಿಬ್ಬರೂ ಬಂದರು. ತಮಗೆ ದೊಡ್ಡ ಪಾಲಿಸಿ, ಹೆಂಡತಿಗೆ ಚಿಕ್ಕದು ಎಂದು ಅವರ ಲೆಕ್ಕ. "ಪಿಂಚಣಿ ಬರೋದು ಇವರಿಗೆ, ಕಾಯಿಲೆ ಇರೋದು ನನಗೆ" ಎಂದು ಆ ತಾಯಿ ಮೆಲ್ಲಗೆ ಹೇಳಿದರು. ಲೆಕ್ಕ ತಿರುಗಿತು. ಇಬ್ಬರಿಗೂ ಆರೋಗ್ಯ ಕರ್ನಾಟಕದ ಕಾರ್ಡು. ಆ ತಾಯಿಯ ಹೆಸರಿಗೆ ಸಕ್ಕರೆ ಕಾಯಿಲೆಯನ್ನೂ ಸ್ಟೆಂಟನ್ನೂ ನಿಜವಾಗಿ ಬರೆದು ಪಡೆದ ಪಾಲಿಸಿ. ಒಂದು ಸಂಸ್ಥೆ ಅರ್ಜಿಯನ್ನು ತಿರಸ್ಕರಿಸಿತು, ಎರಡನೆಯದು ಹೆಚ್ಚಿನ ಕಂತಿಗೆ ಒಪ್ಪಿತು. ಕಾಯುವ ಮೂರು ವರ್ಷಗಳಿಗೆಂದು ಮುಟ್ಟದ ಠೇವಣಿಯೊಂದನ್ನು ಆಕೆಯ ಹೆಸರಿನಲ್ಲಿಯೇ ಇಟ್ಟರು. ಮಿತ್ರರು ತಮಗಾಗಿ ಎಪ್ಪತ್ತರವರೆಗೆ ಸಣ್ಣ ಪಾಲಿಸಿಯೊಂದು ಸಾಕೆಂದರು. ಇದನ್ನು ನಾನು ಪೂರ್ತಿ ಒಪ್ಪಿಲ್ಲ, ಇನ್ನೂ ವಾದ ನಡೆದಿದೆ. ಕಾರ್ಡು, ಪಾಲಿಸಿ, ಹಳೆಯ ರಕ್ತಪರೀಕ್ಷೆಯ ಚೀಟಿಗಳೆಲ್ಲ ಈಗ ದೇವರ ಕೋಣೆಯ ಗೂಡಿನಲ್ಲಿ ಒಂದೇ ಫೈಲಿನಲ್ಲಿವೆ. ಅದು ಎಲ್ಲಿದೆಯೆಂದು ಬೆಂಗಳೂರಿನ ಸೊಸೆಗೂ ಪಕ್ಕದ ಮನೆಯ ಹುಡುಗನಿಗೂ ಗೊತ್ತು.