ಕಂಪ್ಯೂಟರಿನ ಸ್ಮರಣೆಯೂ ಅದರ ಕಾಲಗಣನೆಯೂ

ಆಟಗಳಿಗೋಸ್ಕರ ಕಂಪ್ಯೂಟರನ್ನು ಇಟ್ಟುಕೊಂಡವರು ಅದರ ವೇಗವನ್ನು ಗೊತ್ತಾದ ಮಿತಿಗಿಂತ ಹೆಚ್ಚಿಸಲು ಯತ್ನಿಸುವುದುಂಟು. ಇದಕ್ಕೆ ಓವರ್‌ಕ್ಲಾಕಿಂಗ್ ಎಂದು ಹೆಸರು. ಆಗ ರ್‍ಯಾಮ್ ಎಂಬ ಸ್ಮರಣಫಲಕದ ಮೇಲಣ 16-18-18-38 ಎಂಬಂಥ ಅಂಕೆಗಳು ಅವರ ಕಣ್ಣಿಗೆ ಬೀಳುವವು. ಇವುಗಳ ಅರ್ಥವೇನೆಂಬುದನ್ನು ನಾವು ಇಲ್ಲಿ ಕೊಂಚ ವಿಚಾರಿಸೋಣ.

ಈ ಸ್ಮರಣೆಯ ಒಂದೊಂದು ಕೋಶವೂ ಅತ್ಯಲ್ಪ ವಿದ್ಯುತ್ತನ್ನು ಹಿಡಿದಿಡುವ ಪಾತ್ರೆಯಂತಿರುವುದು. ಐ.ಬಿ.ಎಂ. ಸಂಸ್ಥೆಯ ರಾಬರ್ಟ್ ಡೆನಾರ್ಡ್ ಎಂಬವರು ಇದಕ್ಕೆ 1968ರಲ್ಲಿ ಪೇಟೆಂಟ್ ಪಡೆದರು. ಕೋಶಗಳು ಸಾಲುಸಾಲಾಗಿರುವವು. ಪುಸ್ತಕಭಂಡಾರವನ್ನು ನೆನೆಯಿರಿ: ಮೊದಲು ಬೀರುವನ್ನು ತೆರೆಯಬೇಕು, ಬಳಿಕ ಪುಸ್ತಕವನ್ನು ತೆಗೆಯಬೇಕು, ಬೇರೊಂದು ಬೀರು ಬೇಕಾದರೆ ಇದನ್ನು ಮುಚ್ಚಬೇಕು. ಅಂತೆಯೇ ಇಲ್ಲಿ ಮೊದಲನೆಯ ಅಂಕೆಯು, ತೆರೆದ ಸಾಲಿನಿಂದ ಕೇಳಿದ್ದು ಕೈಸೇರುವ ಕಾಲ. ಎರಡನೆಯದು ಸಾಲನ್ನು ತೆರೆಯುವ ಕಾಲ. ಮೂರನೆಯದು ಮುಚ್ಚುವ ಕಾಲ. ನಾಲ್ಕನೆಯದು ಸಾಲು ಕನಿಷ್ಠಪಕ್ಷ ತೆರೆದಿರತಕ್ಕ ಕಾಲ.

ಆದರೆ ಇವು ಗಡಿಯಾರದ ಮಿಡಿತಗಳ ಎಣಿಕೆಯೇ ಹೊರತು ಕಾಲದ ಅಳತೆಯಲ್ಲ. ದೊಡ್ಡವರ ಹತ್ತು ಹೆಜ್ಜೆಯೂ ಮಗುವಿನ ಇಪ್ಪತ್ತು ಹೆಜ್ಜೆಯೂ ಒಂದೇ ದೂರವಾಗಬಹುದಷ್ಟೆ. ಡಿಡಿಆರ್4-3200 ಫಲಕದಲ್ಲಿ ಒಂದು ಮಿಡಿತಕ್ಕೆ 0.625 ನ್ಯಾನೋಸೆಕೆಂಡು, 16 ಮಿಡಿತಕ್ಕೆ 10 ನ್ಯಾನೋಸೆಕೆಂಡು. ಡಿಡಿಆರ್5-6000 ಫಲಕದಲ್ಲಿ ಮೊದಲನೆಯ ಅಂಕೆ 30 ಆಗಿದ್ದರೂ ಕಾಲವು ಅದೇ 10 ನ್ಯಾನೋಸೆಕೆಂಡು. ಮೊದಲನೆಯ ಅಂಕೆಯನ್ನು 2000ದಿಂದ ಗುಣಿಸಿ, ಫಲಕದ ವೇಗಸಂಖ್ಯೆಯಿಂದ ಭಾಗಿಸಿದರೆ ನಿಜವಾದ ಕಾಲವು ದೊರೆಯುವುದು. ಆದಕಾರಣ ಬರಿಯ ಅಂಕೆಯನ್ನು ನೋಡಿ ಇದು ಚುರುಕು, ಅದು ಮಂದ ಎನ್ನತಕ್ಕದ್ದಲ್ಲ.

ಹಾಗಾದರೆ ಅಂಕೆಗಳನ್ನು ಮನಬಂದಷ್ಟು ಇಳಿಸಬಹುದೋ? ಕೂಡದು. ಕೋಶವನ್ನು ಓದಿದೊಡನೆ ಅದರಲ್ಲಿದ್ದ ವಿದ್ಯುತ್ತು ಕದಡಿಹೋಗುವುದು. ಸಾಲನ್ನು ಮುಚ್ಚುವ ಮೊದಲು ಅದನ್ನು ಮರಳಿ ತುಂಬಬೇಕು. ಅವಕಾಶ ಸಾಲದಿದ್ದರೆ ಇದ್ದದ್ದು ಕೆಡುವುದು. ಯಂತ್ರವು ಏಳದೆ ಹೋದರೆ ಬಯಾಸ್‌ನ ಮೊದಲಿನ ಅಂಕೆಗಳಿಗೆ ಮರಳಿದರಾಯಿತು. ಅದು ಸಣ್ಣ ತೊಂದರೆ. ಯಂತ್ರವು ಎದ್ದು, ಆಟವೂ ನಡೆದು, ಒಳಗೆ ಎಲ್ಲೋ ಒಂದು ಅಂಕ ಮಾತ್ರ ತಪ್ಪುವುದೇ ದೊಡ್ಡ ಕೇಡು. ಅಣ್ಣನು ಆಡುವ ಯಂತ್ರದಲ್ಲಿಯೇ ತಂಗಿಯು ತನ್ನ ಪಾಠಗಳನ್ನು ಬರೆದಿಡುವಳು. ಆ ತಪ್ಪು ಅವಳ ಬರಹದಲ್ಲಿ ಸೇರಿ ಹಾಗೆಯೇ ಉಳಿದೀತು.

ಆದುದರಿಂದ ಮೊದಲು ತಯಾರಕರು ಫಲಕದಲ್ಲಿಯೇ ಬರೆದಿಟ್ಟ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಎಂಬ ಏರ್ಪಾಟನ್ನು ಆರಿಸುವುದು ಲೇಸು. ಮುಂದುವರಿಯುವವರು ಒಂದು ಸಾರಿಗೆ ಒಂದೇ ಅಂಕೆಯನ್ನು ಇಳಿಸಿ, ಮೆಮ್‌ಟೆಸ್ಟ್86+ ಎಂಬ ಪರೀಕ್ಷೆಯನ್ನು ರಾತ್ರಿಯೆಲ್ಲಾ ನಡಿಸಬೇಕು. ಒಂದೇ ಒಂದು ತಪ್ಪು ಕಂಡರೂ ಹಿಂದಕ್ಕೆ ಬರಬೇಕು. ಮುಖ್ಯವಾದ ಬರಹಗಳ ಪ್ರತಿಯನ್ನು ಮೊದಲೇ ಬೇರೆಡೆ ಇಟ್ಟಿರಬೇಕು.

ಪಾಠವನ್ನು ತ್ವರೆಯಿಂದ ಒಪ್ಪಿಸುತ್ತಾ ಪದವೊಂದನ್ನು ತಪ್ಪಿ ನುಡಿದ ಬಾಲಕಿಯನ್ನು ಉಪಾಧ್ಯಾಯಿನಿಯರು ಕೂಡಲೇ ತಿದ್ದುವರು. ಯಂತ್ರದ ಸ್ಮರಣೆ ತಪ್ಪಿದರೆ ಅನೇಕ ವೇಳೆ ಹೇಳುವವರೇ ಇರುವುದಿಲ್ಲ. ವೇಗವನ್ನು ಬಯಸಿದವರೇ ಆ ತಿದ್ದುವ ಭಾರವನ್ನೂ ಹೊರತಕ್ಕದ್ದು.