ಕ್ಯಾಮಿನ ಉಬ್ಬು, ಗಾಡಿಯ ಎಳೆತ

ಸುಗ್ಗಿಯ ದಿನಗಳಲ್ಲಿ ಬ್ಯಾಡಗಿ ಕಾಣುವ ಮೊದಲೇ ಮೆಣಸಿನಕಾಯಿಯ ಘಾಟು ಮೂಗಿಗೆ ಬರುತ್ತದೆ. ಡಬ್ಬಿ, ಕಡ್ಡಿ ತಳಿಯ ಮೆಣಸಿನಕಾಯಿ ಚೀಲಗಳನ್ನು ಆಳೆತ್ತರ ಒಟ್ಟಿಕೊಂಡ ಟ್ರ್ಯಾಕ್ಟರುಗಳು ಒಂದರ ಬಾಲಕ್ಕೊಂದು ಅಂಟಿಕೊಂಡು ಮಾರುಕಟ್ಟೆಗೆ ನುಗ್ಗುತ್ತವೆ. ಚೀಲ ಇಳಿಸಿದ ಮೇಲೆ ಕೆಲವು ನೇರ ಊರ ದಾರಿ ಹಿಡಿಯುವುದಿಲ್ಲ, ಗ್ಯಾರೇಜಿನ ಮುಂದೆ ನಿಲ್ಲುತ್ತವೆ.

"ಜಗ್ಗವಲ್ದು ನೋಡ್ರಿ ಮೇಸ್ತ್ರಿ. ಹೊಗಿ ಬ್ಯಾರೆ ಭಾಳ."

"ಚಾಲೂ ಮಾಡ್ರಿ ಅಣ್ಣಾರ, ಸಪ್ಪಳ ಕೇಳೂಣು."

ಮೇಸ್ತ್ರಿ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಕೆಯನ್ನು ಕಿವಿಗೆ ಹಚ್ಚುತ್ತಾನೆ. ಆಮೇಲೆ ಇಂಜಿನ್ ನಿಲ್ಲಿಸಿ ಮೇಲಿನ ಕವರು ಬಿಚ್ಚಿ, ಕೈಯಿಂದ ತಿರುಗಿಸುತ್ತ ವಾಲ್ವ್ ತೆರೆಯಿಸುವ ಒಂದೊಂದೇ ಪುಶ್‌ರಾಡ್ ಎಷ್ಟು ಏಳುತ್ತದೆಂದು ನೋಡುತ್ತಾನೆ. ಒಂದು ಮಾತ್ರ ಉಳಿದವುಗಳಷ್ಟು ಏಳುತ್ತಿಲ್ಲ. "ಕ್ಯಾಮ್ ಸವದೈತ್ರಿ."

ಕ್ಯಾಮ್‌ಶಾಫ್ಟ್ ಎಂದರೆ ಮೈಮೇಲೆ ಮೊಟ್ಟೆಯಾಕಾರದ ಉಬ್ಬುಗಳಿರುವ ಉಕ್ಕಿನ ಸರಳು. ಉಬ್ಬು ಮೇಲೆ ಬಂದಾಗ ಗಾಳಿ ಒಳಬಿಡುವ, ಹೊಗೆ ಹೊರಬಿಡುವ ವಾಲ್ವ್ ತೆರೆಯುತ್ತದೆ, ಸರಿದಾಗ ಮುಚ್ಚುತ್ತದೆ. ಇಂಜಿನ್ ಎರಡು ಸುತ್ತು ಹಾಕಿದರೆ ಕ್ಯಾಮ್ ಒಂದು ಸುತ್ತು. ನಿಮಿಷಕ್ಕೆ 2000 ಸುತ್ತು ಓಡುವ ಟ್ರ್ಯಾಕ್ಟರಿನಲ್ಲಿ ಪ್ರತಿ ವಾಲ್ವ್ ಸೆಕೆಂಡಿಗೆ ಹದಿನಾರು ಸಲಕ್ಕಿಂತ ಹೆಚ್ಚು ಬಾಯ್ದೆರೆಯುತ್ತದೆ. ಎಷ್ಟು ತೆರೆಯಬೇಕು, ಎಷ್ಟು ಹೊತ್ತು ತೆರೆದಿರಬೇಕು ಎಂಬುದೆಲ್ಲ ಆ ಉಬ್ಬಿನ ಆಕಾರದಲ್ಲೇ ಇದೆ. ಒಂದು ಇಂಜಿನ್ನಿನ ಸ್ವಭಾವವನ್ನು ಇಷ್ಟು ಪೂರ್ತಿಯಾಗಿ ಹಿಡಿದಿಟ್ಟ ಬಿಡಿಭಾಗ ಇನ್ನೊಂದಿಲ್ಲ ಎಂಬುದು ನನ್ನ ನಂಬಿಕೆ.

ಬ್ಯಾಡಗಿಯಲ್ಲಿ ಸವೆದ ಕ್ಯಾಮ್ ತೆಗೆದು ಹೊಸದನ್ನು ಕೂಡಿಸುತ್ತಾರೆ. ಅಮೆರಿಕದ ಲಾಸ್ ಏಂಜಲಿಸ್‌ನಲ್ಲಿ ಒಂದು ಕಾಲದ ಹುಡುಗರು ಚೆನ್ನಾಗಿದ್ದ ಕ್ಯಾಮನ್ನೇ ತೆಗೆದು ಬೇರೆ ಆಕಾರಕ್ಕೆ ಗ್ರೈಂಡಿಂಗ್ ಮಾಡಿಸುತ್ತಿದ್ದರು. ಹಳೆಯ ಫೋರ್ಡ್ ಕಾರುಗಳ ಬಾನೆಟ್ಟು, ಮಡ್ಗಾರ್ಡು ಕಿತ್ತುಹಾಕಿ, ಮುರಾಕ್, ಎಲ್ ಮಿರಾಜ್‌ನಂಥ ಬತ್ತಿದ ಕೆರೆಯ ಅಂಗಳಗಳಲ್ಲಿ ಓಡಿಸುತ್ತಿದ್ದ ಆ ಗಾಡಿಗಳೇ ಹಾಟ್ ರಾಡ್‌ಗಳು. 1920ರ ದಶಕದಲ್ಲೇ ಎಡ್ ವಿನ್‌ಫೀಲ್ಡ್ ಅವಕ್ಕೆ ಕ್ಯಾಮ್ ತಯಾರಿಸುತ್ತಿದ್ದ. ತನ್ನ ವಿದ್ಯೆಯನ್ನು ಸುಲಭಕ್ಕೆ ಯಾರಿಗೂ ಬಿಟ್ಟುಕೊಡದ ಮನುಷ್ಯ ಅವನು. ಅವನ ಹತ್ತಿರ ಓಡಾಡಿ ಕಲಿತವರಲ್ಲಿ 1921ರಲ್ಲಿ ಹುಟ್ಟಿದ ಆರ್ಮೇನಿಯನ್ ಮನೆತನದ ಎಡ್ ಇಸ್ಕೆಂಡೇರಿಯನ್ ಒಬ್ಬ. ಆತ ಎರಡನೇ ಮಹಾಯುದ್ಧದ ಸೇವೆ ಮುಗಿಸಿ ಬಂದಾಗ ಒಂದು ಒಳ್ಳೆಯ ಕ್ಯಾಮಿಗೆ ತಿಂಗಳುಗಟ್ಟಲೆ ಕಾಯಬೇಕಿತ್ತು. ಆತ ಕಾಯಲಿಲ್ಲ. ಹಳೆಯ ಸಾದಾ ಗ್ರೈಂಡಿಂಗ್ ಮಷಿನ್ ಕೊಂಡು, ಅದನ್ನೇ ಕ್ಯಾಮ್ ಗ್ರೈಂಡರ್ ಆಗಿ ಮಾರ್ಪಡಿಸಿ, ಗೆಳೆಯನ ಅಂಗಡಿಯ ಹಿಂಬದಿಯಲ್ಲಿ ಕೆಲಸ ಶುರುಮಾಡಿದ. ಇನ್ನೊಬ್ಬ ಕ್ಯಾಮ್ ಕಸುಬುದಾರ, ಪೋಲಿಯೊದಿಂದ ಗಾಲಿಕುರ್ಚಿ ಹಿಡಿದಿದ್ದ ಚೆಟ್ ಹರ್ಬರ್ಟ್, ಉಬ್ಬಿನ ಮೇಲೆ ಜಾರುವ ಟ್ಯಾಪೆಟ್ ಬದಲು ಉರುಳುವ ರೋಲರ್ ಕೂಡಿಸಿ ಹೆಸರಾದ.

ಇವರ ಕಥೆಯನ್ನು ಓದುವಾಗಲೆಲ್ಲ ನನಗೆ ರಾಣೆಬೆನ್ನೂರಿನ ಲೇತ್ ಅಂಗಡಿಗಳೇ ಕಣ್ಣಿಗೆ ಕಟ್ಟುತ್ತವೆ. ತಗಡಿನ ಸೂರು, ಕಾಲಡಿ ಸುರುಳಿ ಸುರುಳಿ ಕಬ್ಬಿಣದ ಚೂರು, ಹಾಲಿನಂತೆ ಬಿಳಿ ಕೂಲಂಟ್ ಸುರಿಯುವ ಸಣ್ಣ ನಳಿಕೆ, ಗೋಡೆಗೆ ಆಯುಧಪೂಜೆಯ ಒಣಗಿದ ಚೆಂಡುಹೂವು. ತುಂಗಭದ್ರೆ ದಾಟಿದರೆ ಹರಿಹರ. ಅಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ದೇಶಕ್ಕೇ ಲೇತ್ ಕೊಟ್ಟಿತು. ಆ ಮನೆತನದ ಉದ್ಯಮದ ಬೇರು ಬೆಳಗಾವಿಯಲ್ಲಿ 1888ರಲ್ಲಿ ಲಕ್ಷ್ಮಣರಾವ್ ಕಿರ್ಲೋಸ್ಕರ್ ತೆರೆದ ಸೈಕಲ್ ಅಂಗಡಿ. ಕಾರ್ಖಾನೆ ಮುಚ್ಚಿದೆ, ಅದರ ಲೇತುಗಳಿಗೆ ಇನ್ನೂ ಆಯಸ್ಸಿದೆ. ಆದರೆ ಇಸ್ಕೆಂಡೇರಿಯನ್ ಹೆಸರು ಪುಸ್ತಕಗಳಲ್ಲಿ ಉಳಿಯಿತು, ನಮ್ಮ ಲೇತಿನವರ ಹೆಸರು ಅಂಗಡಿಯ ಬೋರ್ಡು ಬದಲಾದ ದಿನವೇ ಅಳಿಸಿಹೋಗುತ್ತದೆ. ಕೈಚಳಕದಲ್ಲಿ ಇವರೇನು ಕಡಿಮೆಯವರಲ್ಲ. ಇವರ ಕಥೆಯನ್ನೂ ಯಾರಾದರೂ ಕೂತು ಬರೆದುಕೊಳ್ಳಬೇಕು.

ಹಾಟ್ ರಾಡ್ ಕ್ಯಾಮನ್ನು ತಂದು ಬ್ಯಾಡಗಿಯ ಟ್ರ್ಯಾಕ್ಟರಿಗೆ ಕೂಡಿಸಿದರೆ ಕೆಲಸ ಕೆಟ್ಟಂತೆಯೇ. ಆ ಕ್ಯಾಮ್ ವಾಲ್ವನ್ನು ಹೆಚ್ಚು ಹೊತ್ತು ತೆರೆದಿಡುತ್ತದೆ. ಇಂಜಿನ್ ಜೋರಾಗಿ ತಿರುಗುವಾಗ ಗಾಳಿ ತನ್ನ ರಭಸಕ್ಕೇ ಒಳನುಗ್ಗಿ ಬಲ ಹೆಚ್ಚುತ್ತದೆ. ನಿಧಾನ ಓಟದಲ್ಲಿ ಒಳಬಂದ ಗಾಳಿ ಮರಳಿ ಹೊರಗೆ, ಇಂಜಿನ್ ತಡವರಿಸುತ್ತ ನಡುಗುತ್ತದೆ. ಡೀಸೆಲ್ ಹೊತ್ತಿಕೊಳ್ಳುವುದೇ ಗಾಳಿ ಬಿಗಿಯಾಗಿ ಒತ್ತಿ ಕಾದಾಗ. ವಾಲ್ವ್ ತಡವಾಗಿ ಮುಚ್ಚಿದರೆ ಚಳಿಯ ಮುಂಜಾನೆ ಗಾಡಿ ಚಾಲೂ ಆಗುವುದೇ ಕಷ್ಟ. ಮೆಣಸಿನಕಾಯಿ ಹೇರಿದ ಟ್ರೇಲರಿಗೆ ಬೇಕಿರುವುದು ನಿಧಾನದಲ್ಲೇ ಸಿಗುವ ಎಳೆತ.

ವೇಗದ ಆಸೆ ಏನಿದ್ದರೂ ಹಾವೇರಿಯ ಬುಲೆಟ್ ಬೈಕಿನ ಹುಡುಗರದು. ಹಳೆಯ ಎರಕದ ಕಬ್ಬಿಣದ ಇಂಜಿನ್ನಿನ ಬುಲೆಟ್‌ನಲ್ಲಿ ಎರಡು ಬಿಡಿ ಕ್ಯಾಮುಗಳು, ಒಂದು ಗಾಳಿಗೆ, ಇನ್ನೊಂದು ಹೊಗೆಗೆ. ಬಲಬದಿಯ ಕವರು ತೆಗೆದರೆ ಗೇರುಗಳ ಮೇಲಿನ ಚುಕ್ಕೆ ಗುರುತುಗಳು ಕಣ್ಣಿಗೇ ಕಾಣುತ್ತವೆ. ಹುಡುಗ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, "ಕಾಕಾ, ಇನ್ನೂ ಜೋರ ಓಡೂಹಂಗ ಮಾಡ್ರಿ" ಅನ್ನುತ್ತಾನೆ. ಕಾಕಾ ಬೋಲ್ಟು ಬಿಚ್ಚುವ ಮೊದಲು ಕೇಳುವುದು, ಕ್ಯಾಮ್ ಕೊಡುವ ಮುಂಚೆ ಗಾಡಿಯ ತೂಕ, ಗೇರು ವಿಚಾರಿಸುತ್ತಿದ್ದ ಅಮೆರಿಕದವರ ಪ್ರಶ್ನೆಯನ್ನೇ:

"ಹಿಂದ ಯಾರರೆ ಕುಂದರತಾರೇನೋ? ದಿನಾ ಎಲ್ಲಿಂದ ಎಲ್ಲಿತನ ಹೊಡಿತಿ? ಮೊದಲ ಅದನ್ನ ಹೇಳು."